ಹೆಸರಿಲ್ಲದ ಟ್ಯೂಬು, ನನ್ನ ಎಣ್ಣೆ

ಆ ಟ್ಯೂಬಿನ ಮೇಲೆ ಮದ್ದಿನ ಹೆಸರಿರಲಿಲ್ಲ, ಒಂದು ನಂಬರ್ ಮಾತ್ರ ಇತ್ತು. ಮೊಮ್ಮಗಳ ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರತೊಡಗಿ ವರ್ಷವಾಗಿತ್ತು. ಕಿವಿಯ ಮೇಲೆ ಒಂದು, ನೆತ್ತಿಯ ಹಿಂದೆ ಅಂಗೈಯಗಲದ ಇನ್ನೊಂದು. ಮಸ್ಕತ್ತಿನಲ್ಲಿ ಕೂದಲು ಉದುರಿದರೆ ಎಲ್ಲರೂ ಮೊದಲು ನೀರನ್ನು ದೂರುತ್ತಾರೆ, ನಾವೂ ದೂರಿದೆವು. ಕುಡಿಯುವ ಬಾಟಲಿ ನೀರಿನಲ್ಲಿ ಅವಳ ತಲೆ ತೊಳೆದದ್ದೂ ಆಯಿತು. ಕೊನೆಗೆ ಘಾಲಾದ ಒಂದು ಕ್ಲಿನಿಕ್ಕಿನವರು, ಇನ್ನೂ ಅಂಗಡಿಗೆ ಬಾರದ ಮುಲಾಮಿನ ಟ್ರಯಲ್‌ಗೆ ಅವಳನ್ನು ಸೇರಿಸಿಕೊಂಡರು. ಆರು ತಿಂಗಳು, ದಿನಕ್ಕೆರಡು ಸಲ. ಮಗಳು, ಅಳಿಯ ಇಬ್ಬರೂ ಆಫೀಸಿಗೆ ಹೋಗುವವರು. ಹಚ್ಚುವ ಕೆಲಸ ನನ್ನದಾಯಿತು. ಎರಡು ತಿಂಗಳಿಗೆಂದು ಮಂಗಳೂರಿನಿಂದ ಬಂದಿದ್ದ ನನ್ನ ರಿಟರ್ನ್ ಟಿಕೆಟ್ಟು ಮುಂದಕ್ಕೆ ಹೋಯಿತು.

ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಆದರೂ ವಾದಿ ಅದಾಯ್‌ನ ಮೂರನೇ ಮಹಡಿಯ ಮಗಳ ಮನೆಯಲ್ಲಿ ಪರದೆ ಸರಿಸಿದರೆ ಎದುರಿಗೆ ಕಂದು ಗುಡ್ಡ, ಕೆಳಗೆ ಟಯರು ಬದಲಿಸುವ ಅಂಗಡಿ. ಬೆಳಿಗ್ಗೆ ಎಂಟರ ಮೇಲೆ ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಹುಡುಗಿಗೆ ಹದಿನಾರು. ಶಾಲೆ ಬಿಟ್ಟರೆ ಮನೆ, ಮನೆಯೊಳಗೂ ಕ್ಯಾಪ್. ಊಟಕ್ಕೆ ಕರೆದರೆ ‘ನಾಟ್ ಹಂಗ್ರಿ’ ಎಂಬ ಎರಡೇ ಮಾತು. ಎ.ಸಿ.ಯ ಸದ್ದಿನಲ್ಲಿ ನಾವಿಬ್ಬರೂ ಕೂತಿರುತ್ತಿದ್ದೆವು, ಬೋರ್ಡಿಂಗ್‌ನಲ್ಲಿ ರಜೆಗೂ ಮನೆಗೆ ಹೋಗದೆ ಉಳಿದ ಹುಡುಗಿಯರ ಹಾಗೆ.

ಡಾಕ್ಟರು ಮಲಯಾಳಿ ಹೆಂಗಸು, ಬಹಳ ಸಮಾಧಾನದವರು. ಕೆಲವರ ಟ್ಯೂಬಿನಲ್ಲಿ ಮದ್ದು ಇರುತ್ತದೆ, ಕೆಲವರದರಲ್ಲಿ ಬರೀ ಮುಲಾಮು, ಯಾರಿಗೆ ಯಾವುದೆಂದು ತನಗೂ ಗೊತ್ತಿಲ್ಲ ಎಂದಿದ್ದರು. ಬೇರೆ ಏನನ್ನೂ ಹಚ್ಚಬಾರದು, ಎಣ್ಣೆಯಂತೂ ಬೇಡವೇ ಬೇಡ.

ನನಗೆ ತಡೆಯಲಾಗದೆ ಹೋದದ್ದು ಅದೇ. ನಮ್ಮ ಕಡೆ ತಲೆಗೆ ಎಣ್ಣೆ ಮುಟ್ಟಿಸದೆ ಇರುವುದು ಸೂತಕದ ದಿನಗಳಲ್ಲಿ. ಬದುಕಿ ಬಾಳಬೇಕಾದ ಹುಡುಗಿಯ ಒಣ ತಲೆಯನ್ನು ದಿನಕ್ಕೆರಡು ಸಲ ನೋಡುವುದು, ಅದೂ ನಮ್ಮದು ಬರೀ ಮುಲಾಮಿನ ಟ್ಯೂಬೇ ಆಗಿದ್ದರೆ? ಐದನೆಯ ವಾರ, ತಂಗಿ ದಾಸವಾಳದ ಎಲೆ ಹಾಕಿ ಕಾಯಿಸಿ ಕಳಿಸಿದ್ದ ಎಣ್ಣೆಗೆ ಕ್ಲಿನಿಕ್ಕಿನವರು ಕೊಟ್ಟ ಗ್ಲೋವ್ಸಿನ ಬೆರಳು ಅದ್ದಿದೆ. ಮೊದಲು ಮುಲಾಮು, ಅದರ ಮೇಲೆ ಎಣ್ಣೆ. ನನ್ನ ಮೈಯಿಂದ ಸದಾ ಆ ವಾಸನೆ ಬರುತ್ತಿದ್ದುದರಿಂದ ಹುಡುಗಿಗೆ ಅನುಮಾನ ಬರಲಿಲ್ಲ.

ಮೂರು ತಿಂಗಳಾಗುವಾಗ ಬಿಲ್ಲೆಯ ಅಂಚಿನಲ್ಲಿ ಬಿಳಿ ನವಿರು ಕಂಡಿತು. ಅವಳು ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, ಕ್ಯಾಪನ್ನು ಸೋಫಾದ ಮೇಲೆ ಎಸೆದಳು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು.

ಚೆಕಪ್ಪಿಗೆ ಹೋದಾಗ ಡಾಕ್ಟರು ಪ್ರತಿ ಸಲದ ಪ್ರಶ್ನೆ ಕೇಳಿದರು, ಬೇರೆ ಏನಾದರೂ ಹಚ್ಚಿದಿರಾ ಎಂದು.

“ನಥಿಂಗ್, ಡಾಕ್ಟರ್. ಮೈ ಅಜ್ಜಿ ಈಸ್ ಸ್ಟ್ರಿಕ್ಟ್ ಲೈಕ್ ಅ ನನ್.”

ಡಾಕ್ಟರು ನಕ್ಕು ಬರೆದುಕೊಂಡರು. ಮಾಡಬಾರದ್ದನ್ನು ಮಾಡುವುದಷ್ಟೇ ಅಲ್ಲ, ಹೇಳಬೇಕಾದ್ದನ್ನು ಹೇಳದಿರುವುದೂ ಪಾಪ ಎಂದು ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಕಲಿಸಿದ್ದರು. ಸಿನ್ ಆಫ್ ಒಮಿಶನ್. ಹಿಂದೂ ಹುಡುಗಿಯಾದ ನನಗೆ ಅದರಲ್ಲಿ ಫುಲ್ ಮಾರ್ಕ್ಸ್ ಬಂದಿತ್ತು.

ಮನೆಗೆ ಬಂದು ಅವಳಿಗೆ ಹೇಳಿದೆ. “ಮಗಾ, ನಾನು ಎಣ್ಣೆ ಸಹ ಹಚ್ಚಿದ್ದೇನೆ. ಎರಡು ತಿಂಗಳಾಯ್ತು. ಡಾಕ್ಟರಿಗೆ ಹೇಳುವ.”

ಅವಳು ಬಿಲ್ಲೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. “ಹೇಳಿದ್ರೆ ದೇ ವಿಲ್ ಸ್ಟಾಪ್ ದ ಟ್ಯೂಬ್, ಅಲ್ವಾ?”

“ನಿಲ್ಲಿಸ್ಬಹುದು.”

“ಸೋ ಯಾವುದು ವರ್ಕ್ ಆದದ್ದು?”

ನನಗೆ ಗೊತ್ತಿಲ್ಲವೆಂದೆ. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಎಣ್ಣೆಯ ಬಾಟಲಿ ಇಲ್ಲೇ ಇಟ್ಟು ಹೋಗುತ್ತೇನೆ, ಆರು ತಿಂಗಳು ಮುಗಿದ ಮೇಲೆ ನೀನೇ ಹಚ್ಚಿಕೋ ಎಂದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

“ನೋ ಅಜ್ಜಿ. ಡೋಂಟ್ ಚೇಂಜ್ ಎನಿ ವೇರಿಯಬಲ್. ನೀವೂ ಒಂದು ವೇರಿಯಬಲ್.”

ಸೈನ್ಸ್ ಓದುವ ಹುಡುಗಿ, ಪ್ರಯೋಗದ ನಡುವೆ ಏನನ್ನೂ ಬದಲಿಸಬಾರದೆಂದು ಕಲಿತವಳು. ಹೇಳುವಾಗ ತಮಾಷೆಯ ದನಿ ಇತ್ತು, ಹಿಡಿತ ಸಡಿಲವಾಗಲಿಲ್ಲ.

ಆರನೆಯ ತಿಂಗಳು ನವಿರು ಕಪ್ಪಾಗಿ, ಬೆರಳಿಗೆ ಚುಚ್ಚುವಷ್ಟು ಬೆಳೆದಿತ್ತು. ಟ್ರಯಲ್ ಇನ್ನಾರು ತಿಂಗಳು ಮುಂದುವರಿಸುತ್ತೇವೆ ಎಂದು ಡಾಕ್ಟರು ಫಾರ್ಮು ಕೊಟ್ಟರು. ಹಚ್ಚುವವರು ನೀವಲ್ಲವೇ, ಈ ಸಲ ನೀವೇ ಹೇಳಿ, ಬೇರೆ ಏನಾದರೂ? ಎಂದು ನನ್ನನ್ನು ಕೇಳಿದರು. ಈ ಕಾಗದವನ್ನು ನಂಬಿ ಎಲ್ಲೋ ಇನ್ನೊಂದು ಹುಡುಗಿಗೆ ಮದ್ದು ಕೊಡುತ್ತಾರೆ ಎಂಬುದು ಆಗಲೂ ಮನಸ್ಸಿನಲ್ಲಿತ್ತು. ಮೊಮ್ಮಗಳು ಕ್ಯಾಪಿಲ್ಲದೆ, ಕೈ ಮಡಿಲಲ್ಲಿಟ್ಟು, ನನ್ನ ಬಾಯನ್ನೇ ನೋಡುತ್ತಿದ್ದಳು.

“ನಥಿಂಗ್, ಡಾಕ್ಟರ್” ಎಂದೆ. ತೋರಿಸಿದಲ್ಲಿ ಸೈನ್ ಹಾಕಿದೆ; ಕಾನ್ವೆಂಟಿನಲ್ಲಿ ಕಲಿತ ಅಕ್ಷರ, ಇನ್ನೂ ದುಂಡಗೆ ಬರುತ್ತದೆ.

ಸಂಜೆ ತಂಗಿಗೆ ಮೆಸೇಜ್ ಮಾಡಿದೆ, ಬರುವವರ ಕೈಯಲ್ಲಿ ಇನ್ನೊಂದು ಬಾಟಲಿ ಎಣ್ಣೆ ಕಳಿಸು ಎಂದು. ಕಳಿಸ್ತೇನೆ, ನೀನು ಬರುದು ಯಾವಾಗ ಎಂದು ಕೇಳಿದ್ದಾಳೆ. ಇನ್ನೂ ಉತ್ತರ ಬರೆದಿಲ್ಲ.