ಬೀಗ್ತಿಯ ಉಡಿ ಮತ್ತು ನಾನು ಕಲಿಯದ ಕ್ರಿಯಾಪದ

ಇಳಕಲ್ಲಿನ ನಮ್ಮ ಮನೆಗೆ ಅತ್ತಿಗೆಯ ತಾಯಿ ಹಾಂಗ್‌ಕಾಂಗಿನಿಂದ ಮೊದಲ ಸಲ ಬರುವವರಿದ್ದರು. ಅವರಿಗೆ ಕ್ಯಾಂಟನೀಸ್ ಬಿಟ್ಟು ಬೇರೆ ಭಾಷೆ ಬಾರದು. ಬಾದಾಮಿಯ ಗುಹೆ ನೋಡಲು ಬಂದು, ನಮ್ಮಣ್ಣನನ್ನು ಮೆಚ್ಚಿ ಇಲ್ಲೇ ಉಳಿದ ಅತ್ತಿಗೆಗೆ ಅದೊಂದೇ ಚಿಂತೆ.

“ನಮ್ಮವ್ವ ಮೂಕಿ ಹಂಗ ಕುಂಡ್ರಬಾರದು ನೋಡ ತಂಗಿ. ಮಗಳನ್ನ ಎಂಥಾ ಮನಿಗೆ ಕೊಟ್ಟೆ ಅಂತ ಅಕಿಗೆ ಅನ್ನಸಬಾರದು.”

ಅತ್ತಿಗೆಯಿಂದಲೇ ಕ್ಯಾಂಟನೀಸ್ ಕಲಿಯಲು ನಾನು ದಿನಚರಿ ತೆಗೆದೆ. ದಿನಾಂಕ, ಆ ದಿನದ ಕ್ರಿಯಾಪದ, ತಪ್ಪಿದ್ದಕ್ಕೆ ಒಂದೊಂದು ಗೀಟು. ಚೋ ಅಂದರೆ ಕುಳಿತುಕೊ. ಹೇಸನ್ ಅಂದರೆ ಏಳು. ಹಾಂಗ್ ಅಂದರೆ ನಡೆ. ಸಿಕ್ ಅಂದರೆ ತಿನ್ನು. ಅಭ್ಯಾಸಕ್ಕೆ ನಮ್ಮ ಅಜ್ಜಿ, ಆಯಿ, ಇದ್ದೇ ಇದ್ದಳು.

“ಚೋ, ಹೇಸನ್, ಚೋ, ಹೇಸನ್! ನನ್ನ ಮಣಕಾಲ ಮುರದ ಹಾಕ್ತಿ ಏನ?” ಎಂದು ಬೈಯುತ್ತಲೇ ಆಯಿ ಕೂತೆದ್ದಳು.

ಬೀಗ್ತಿ ಬಂದರು. ಅವರಿಗೆ ಇಳಕಲ್ ಸೀರೆ ಉಡಿಸಿ ಉಡಿ ತುಂಬಲೇಬೇಕೆಂದು ಆಯಿಯ ಹಟ. ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದಳು: “ಹೋಳಿಗಿ ಹೊತ್ತತಾವ, ನಾ ಬರಂಗಿಲ್ಲ. ನೀನ ಮಾತಾಡ್ಸು!”

“ಚೋ” ಎಂದೆ. ಮಣೆಯ ಮೇಲೆ ಕೂತೇಬಿಟ್ಟರು! ನನಗೆ ಕುಣಿಯುವಷ್ಟು ಖುಷಿ. ಸೆರಗು ತೋರಿಸಿ “ಜಾಜ್ಯೂ”, ಹಿಡಿದುಕೊಂಡಿರಿ, ಎಂದೆ. ಎರಡೂ ಕೈಯಲ್ಲಿ ಹಿಡಿದರು. ಆಯಿ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ಕುಬಸದ ಖಣ ಹಾಕಿದಳು. “ಹೇಸನ್.” ಎದ್ದರು. “ಹಾಂಗ್.” ದೇವರ ಜಗಲಿಯವರೆಗೆ ನಡೆದು, ತಲೆಬಾಗಿ, ತುಂಬಿದ ಉಡಿಯನ್ನು ಹಾಗೇ ಹಿಡಿದುಕೊಂಡು ತಿರುಗಿ ಬಂದರು.

ಆಗ ಹೊಳೆಯಿತು: ಕೆಳಗಿಡಿ ಎನ್ನುವುದನ್ನೇ ನಾನು ಕಲಿತಿರಲಿಲ್ಲ! ಅಂಗೈಯಿಂದ ಕೆಳಗೆ, ಕೆಳಗೆ ಎಂದು ತೋರಿಸಿದೆ. ಅವರು ಮತ್ತೆ ಕೂತರು. ಒಂದು ಕಾಳೂ ಚೆಲ್ಲಲಿಲ್ಲ.

“ಸುಮ್ಮ ಯಾಕ ಒದ್ದಾಡ್ತಿ? ಕೈ ತುಂಬ್ಯಾವ, ಬಾಯಿ ಖಾಲಿ ಐತಿ,” ಎಂದ ಆಯಿ ಬಿಸಿ ಹೋಳಿಗೆಗೆ ತುಪ್ಪ ಸವರಿ, ಮುರಿದು, ಬೀಗ್ತಿಯ ಬಾಯಿಗೇ ಹಿಡಿದಳು. “ಸಿಕ್‌ರಿ ಬೀಗ್ತಿ, ಸಿಕ್‌ರಿ!”

ಬೀಗ್ತಿ ಒಂದು ಕ್ಷಣ ಬೆರಗಾದರು. ಆಮೇಲೆ ಉಡಿಯ ಅಕ್ಕಿ ಅಲುಗುವಂತೆ ನಕ್ಕು ಬಾಯಿ ತೆರೆದರು. ಎರಡನೆಯ ತುತ್ತಿಗೆ ತಾವಾಗಿಯೇ “ಸಿಕ್!” ಎಂದರು.

ಸದ್ದು ಕೇಳಿ ಸವುಟು ಹಿಡಿದೇ ಓಡಿಬಂದ ಅತ್ತಿಗೆ ನನ್ನನ್ನು ನೋಡಿದಳು. “ಯವ್ವಾ, ನಿನ್ನ ಪುಸ್ತಕದಾಗ ಕೆಳಗ ಇಡೂದು ಇಲ್ಲೇನ?”

ನಾನು ಪೆನ್ನು ತೆರೆದೆ. ಅಷ್ಟರಲ್ಲಿ ಬೀಗ್ತಿ ತುಂಬಿದ ಬಾಯಲ್ಲೇ ಮಗಳಿಗೆ ಏನೋ ಹೇಳಿದರು. ಅತ್ತಿಗೆ ನಗುತ್ತಾ ಕಣ್ಣೊರೆಸಿಕೊಂಡಳು.

“ಆ ಶಬ್ದ ಇವತ್ತ ಕಲಸಬ್ಯಾಡ ಅಂತಾಳ ನಮ್ಮವ್ವ. ಕೈ ಖಾಲಿ ಆದ್ರ ಅಜ್ಜಿ ತಿನಸೂದ ಬಿಡ್ತಾಳಂತ!”

ಆಯಿ ಇನ್ನೊಂದು ಹೋಳಿಗೆ ಮುರಿದಳು.