ಬಳೆ ತೊಟ್ಟ ಜೋಳದ ದಂಟು
ಎಂಬತ್ತೇಳರಲ್ಲಿ ಹಿರೇಕೆರೂರಿನ ಹತ್ತಿ ಗಿರಣಿಯೊಂದಕ್ಕೆ, ಮುಚ್ಚಳ ತೆರೆದೊಡನೆ ಯಂತ್ರ ನಿಲ್ಲಿಸುವ ಪ್ರೋಗ್ರಾಮ್ ಬರೆದುಕೊಟ್ಟ ಉಡಚಪ್ಪ, ಮನೆಯ ಕೀಲಿಯನ್ನೂ ಮೂರು ಸಲ ಜಗ್ಗಿ ನೋಡುವ ಆಸಾಮಿ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ವೇಗದ ಮಟ್ಟ ಬದಲಿಸಿದಾಗಲೆಲ್ಲ, ಹತ್ತಿ ಉಣಿಸುವ ಶಾರವ್ವನ ಅಳತೆಯ ಬಳೆಯೊಂದನ್ನು ಜೋಳದ ದಂಟಿಗೆ ತೊಡಿಸಿ, ಓಡುವ ಯಂತ್ರದ ಮುಚ್ಚಳ ತೆರೆದು ಒಳಗೆ ಚಾಚುತ್ತಿದ್ದರು. “ವೇಗ ಏರಿಸಿದ್ರ ಕಂಪೈಲರ್ ಭಾಳ ಶ್ಯಾಣ್ಯಾ ಆಗತೈತ್ರಿ. ಮುಚ್ಚಳ ಒಮ್ಮೆ ನೋಡೇನಿ, ಮತ್ಯಾಕ ನೋಡ್ಲಿ ಅಂತ ಆ ಕೆಲಸಾನ ತಗದ ಒಗಿತೈತಿ,” ಎನ್ನುವರು. ನಿಧಾನದ ಮಟ್ಟದಲ್ಲಿ ಪ್ರತಿ ಸಲವೂ ಯಂತ್ರ ನಿಂತಿತ್ತು. ಅಂದು ವೇಗದ ಮಟ್ಟ ಏರಿಸಿ, ಮುಚ್ಚಳ ತೆರೆದು ದಂಟು ಚಾಚಿದರು, ಒಳಗಿನ ಉರುಳೆ ನಿಲ್ಲಲಿಲ್ಲ. ದಂಟು ನುಗ್ಗಾಯಿತು, ಬಳೆ ಚೂರಾಯಿತು. “ನಿನ್ನಿತನಕ ತಪ್ಪು ಇದ್ದಿಲ್ಲಲ್ರಿ?” ಎಂದಳು ಶಾರವ್ವ. “ಇತ್ತವ್ವ. ಮುಚ್ಚಳ ಪ್ರತಿ ಸಲ ನೋಡಲೇಬೇಕು ಅಂತ ನಾನ ಬರದಿದ್ದಿಲ್ಲ. ಇಷ್ಟು ದಿನ ನಿನ್ನ ಕೈ ಉಳಿಸಿದ್ದು ನಾ ಅಲ್ಲ, ಆ ಕಂಪೈಲರಿನ ದಡ್ಡತನ.”