ಮಾಡದ ಇಡ್ಲಿಗೆ ಕಾಯಿ ಚಟ್ನಿ

ಹೋದ ವಾರ ನಮ್ಮಮ್ಮ ಮೂರು ಇಡ್ಲಿ ತಿಂದರು. ಅವತ್ತು ನಮ್ಮ ಮನೆಯಲ್ಲಿ ಇಡ್ಲಿ ಮಾಡಿಯೇ ಇರಲಿಲ್ಲ.

ನಗಬೇಡಿ. ಅಮ್ಮ ಇದನ್ನು ಹೇಳಿದ್ದು ವಿಶಾಖಪಟ್ಟಣದಲ್ಲಿ ‘ಮರೆವಿನ ಡಾಕ್ಟರ್’ ಎಂದೇ ಹೆಸರಾದ ನ್ಯೂರಾಲಜಿಸ್ಟ್ ಮೇಡಂ ಎದುರಿಗೆ.

ವಿಜಯವಾಡದಲ್ಲಿರುವ ನನ್ನ ತಂಗಿಗೆ (ಗಂಡ ಬ್ಯಾಂಕ್ ಆಫೀಸರ್, ಟ್ರಾನ್ಸ್‌ಫರ್ ಮೇಲೆ ಹೋದವರು) ಈ ತಿಂಗಳು ಹೆರಿಗೆ. ಬಾಣಂತನಕ್ಕೆಂದು ಅಮ್ಮ ಇಲ್ಲಿ ವಿಶಾಖಪಟ್ಟಣದ ನಮ್ಮ ಟೌನ್‌ಶಿಪ್ ಮನೆಯಲ್ಲಿ ಪೆಟ್ಟಿಗೆ ಕಟ್ಟಿ ಕೂತಿದ್ದರು. ಹಳೇ ಸೀರೆಯ ಬಟ್ಟೆ, ಬಜೆ, ಅಂಟಿನುಂಡೆಗೆ ಅನಕಾಪಲ್ಲಿ ಬೆಲ್ಲ. ಅಷ್ಟರಲ್ಲಿ ಒಂದೇ ವಾರದಲ್ಲಿ ಎರಡು ಸಲ ಒಲೆ ಮೇಲಿಟ್ಟ ಹಾಲು ಮರೆತು ಉಕ್ಕಿಸಿದರು. ಸುದ್ದಿ ಫೋನಿನಲ್ಲಿ ತಂಗಿಗೆ ತಲುಪಿತು.

“ಅಣ್ಣಾ, ಮಗೂಗೆ ನೀರು ಹಾಕ್ತಾ ಹಾಕ್ತಾ ಮರೆತುಬಿಟ್ರೆ? ಒಂದ್ಸಲ ಡಾಕ್ಟರಿಗೆ ತೋರಿಸಿಬಿಡೋ.”

ಅಮ್ಮ ಸಿಟ್ಟಾಗಲಿಲ್ಲ. “ಇರೋ ಮೊಮ್ಮಕ್ಕಳೆಲ್ಲಾ ಈ ಕಾಲ ಮೇಲೇ ಮಿಂದವಲ್ಲೋ” ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತರು. ನನಗೆ ಸಂಕಟವಾಯಿತು.

ಮೇಡಂ ಕ್ಲಿನಿಕ್ ಅವರ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಪ್ರಾಕ್ಟೀಸ್ ಶುರುಮಾಡಿದ ಕಾಲದಲ್ಲಿ ತಲೆನೋವು, ಫಿಟ್ಸ್ ಬಿಟ್ಟರೆ ಬೇರೆ ಕೇಸೇ ಇರಲಿಲ್ಲವಂತೆ. ಮರೆವಿಗೂ ಡಾಕ್ಟರಾ, ವಯಸ್ಸಾಯಿತು ಬಿಡಿ ಎನ್ನುತ್ತಿದ್ದರಂತೆ ಜನ. ಈಗ ಬೆಂಚು ಸಾಲದು. (ಅರ್ಧಕ್ಕರ್ಧ ಜನ ಹಳೇ ರಿಪೋರ್ಟ್ ಮರೆತು ಬಂದಿರುತ್ತಾರೆ. ರೋಗಿಗಳಲ್ಲ, ಜೊತೆಗೆ ಬಂದವರು.)

ಮೇಡಮ್ಮಿನ ತೆಲುಗು, ಅಮ್ಮನ ಮೈಸೂರು ಕನ್ನಡ, ನಡುವೆ ದುಭಾಷಿ ನಾನು. ಪಕ್ಕದಲ್ಲಿ ನನ್ನ ಹೆಂಡತಿ. ಒಳಮನೆಯಿಂದ ಒಗ್ಗರಣೆಯ ಘಮ.

ಮಕ್ಕಳೆಷ್ಟು? “ದೇವರು ಕೊಟ್ಟಷ್ಟು.” (ಎಣಿಸಿದರೆ ದೃಷ್ಟಿಯಾಗುತ್ತದಲ್ಲ.) ಯಜಮಾನರ ಹೆಸರು? ಅಮ್ಮ ನನ್ನ ಮುಖ ನೋಡಿದರು. ಗಂಡನ ಹೆಸರು ಬಾಯಿಬಿಟ್ಟು ಹೇಳುವುದುಂಟೇ? ಮೇಡಂ ನಕ್ಕು ಮುಂದಕ್ಕೆ ಹೋದರು. ಇಂಥ ಅಜ್ಜಿಯರು ಅವರಿಗೆ ಹೊಸಬರಲ್ಲ.

“ಬೆಳಿಗ್ಗೆ ತಿಂಡಿ ಆಯ್ತಾ?”

“ಆಯ್ತಂಡಿ.” (ಈ ‘ಅಂಡಿ’ ತೆಲುಗು ನೆರೆಮನೆಯವರ ಕೊಡುಗೆ.)

“ಏನು ತಿಂದ್ರಿ?”

“ಇಡ್ಲಿ. ಮೂರು. ಕಾಯಿ ಚಟ್ನಿ.”

ನಾನು ಬೆಚ್ಚಿದೆ. “ಮೇಡಂ, ಇವತ್ತು ಏಕಾದಶಿ. ಅಮ್ಮ ಏನೂ ತಿಂದಿಲ್ಲ.”

ಮೇಡಂ ಪೆನ್ನು ಕೆಳಗಿಟ್ಟರು. ನೆನಪಿನಲ್ಲಿ ತೂತು ಬಿದ್ದರೆ ಮನಸ್ಸು ತಾನೇ ಕಥೆ ಕಟ್ಟಿ ಅದನ್ನು ಮುಚ್ಚುತ್ತದೆ, ಇದು ಒಳ್ಳೇ ಲಕ್ಷಣವಲ್ಲ ಎಂದರು. ಪೆಟ್ಟಿಗೆ ಬಿಚ್ಚಿ ಬೆಲ್ಲವನ್ನು ಡಬ್ಬಿಗೆ ವಾಪಸ್ ತುಂಬುತ್ತಿರುವ ಅಮ್ಮ ಕಣ್ಣ ಮುಂದೆ ಬಂದರು.

ಅಮ್ಮ ತಿರುಗಿದ್ದು ನನ್ನ ಮೇಲೆ. “ಏಕಾದಶಿ ಅಂತ ನಂಗೊತ್ತಿಲ್ವೇನೋ? ಊಟದ ಹೊತ್ತಿಗೆ ಬಂದು ಕೂತಿದೀವಿ. ತಿಂದಿಲ್ಲ ಅಂದ್ರೆ ಒಳಗಿರೋ ಹೆಂಗಸು ಮತ್ತೆ ಒಲೆ ಹಚ್ಚಬೇಕು. ಉಪವಾಸ ಅಂದ್ರೆ ಹಾಲು ಹಣ್ಣು ಅಂತ ಓಡಾಡ್ತಾರೆ. ಯಾರ ಮನೆಗಾದ್ರೂ ಹೋಗಿ ಹಸಿವು ಅನ್ನೋಕಾಗತ್ತಾ?”

ತೆಲುಗಿಗೆ ತಿರುಗಿಸಿ ಹೇಳಿದೆ. ಒಳಗೆ ಒಗ್ಗರಣೆ ಹಾಕುತ್ತಿದ್ದವರು ಮೇಡಮ್ಮಿನ ಅತ್ತೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಂಥ ಸುಳ್ಳಿಗೆ ಎರಡು ನೆನಪು ಬೇಕು. ನಡೆದದ್ದೊಂದು, ಹೇಳಬೇಕಾದದ್ದೊಂದು.”

ಆಮೇಲೆ ತಾರೀಖು ಕೇಳಿದರು, ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳಿದರು. ಎಲ್ಲ ಸರಿ. ಹಾಲಿನ ವಿಷಯಕ್ಕೆ, ನಮ್ಮನೆಯಲ್ಲೂ ಉಕ್ಕುತ್ತದೆ ಎಂದುಬಿಟ್ಟರು.

“ಕೊನೇ ಪ್ರಶ್ನೆ. ಇದಕ್ಕೆ ಮಾತ್ರ ಸುಳ್ಳು ಹೇಳಬಾರದು. ಅಡುಗೆ ಯಾರದು ಚೆನ್ನ, ನಿಮ್ಮದಾ, ಸೊಸೆಯದಾ?”

ನನ್ನ ಹೆಂಡತಿ ಕುರ್ಚಿಯ ಅಂಚಿಗೆ ಬಂದಳು. ಅಮ್ಮ ಅವಳನ್ನು ನೋಡಿದರು, ಫ್ಯಾನು ನೋಡಿದರು.

“ಅದೊಂದು ನೆನಪಿಗೆ ಬರ್ತಿಲ್ಲಂಡಿ.”

ಮೇಡಂ ಫೈಲು ಮುಚ್ಚಿದರು. “ಧೈರ್ಯವಾಗಿ ವಿಜಯವಾಡಕ್ಕೆ ಕಳಿಸಿ.”

ಅಮ್ಮ ಈಗ ರೈಲು ಹತ್ತಿಯಾಗಿದೆ. ಹೆಂಡತಿ ಅದೇ ಪ್ರಶ್ನೆಯನ್ನು ನನಗೆ ಕೇಳಿದ್ದಾಳೆ.

ಈ ಮರೆವು ತಾಯಿಯಿಂದ ಮಗನಿಗೂ ಬರುತ್ತದೆ, ಅಲ್ಲವೇ?